ಅಡಿಕೆ ತೋಟದ ಚಾಕು: ಒಂದೇ ಅಲಗಿನಲ್ಲಿ ಮೂರು ಬಗೆಯ ಮುಕ್ಕು

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ ಕಡೆಯ ಒಂದು ಅಡಿಕೆ ತೋಟದಲ್ಲಿ ದಿನವೂ ಜೇಬಿನಲ್ಲಿರುತ್ತಿದ್ದ ಮಡಚುವ ಚಾಕು ಇದು. ಅಲಗಿನ ಉದ್ದ 86 ಮಿ.ಮೀ., ಅಗಲ 26 ಮಿ.ಮೀ., ಬೆನ್ನಿನ ದಪ್ಪ 3 ಮಿ.ಮೀ. ಬೆನ್ನಿನಿಂದ ಬಾಯಿಯವರೆಗೆ ಒಂದೇ ಸಮನೆ ಇಳಿಯುವ ಚಪ್ಪಟೆ ಇಳಿಜಾರು. ಅಲಗಿನ ಬುಡದಲ್ಲಿ ಉಕ್ಕಿನ ಬಗೆ ಹೇಳುವ ‘ಡಿ2’ ಎಂಬ ಮುದ್ರೆ. ಏಪ್ರಿಲ್‌ನಲ್ಲಿ ಕೊಂಡದ್ದು, ಜನವರಿ ಹೊತ್ತಿಗೆ ಬಾಯಿ ಹಲ್ಲುಹಲ್ಲಾಗಿತ್ತು. ಯಜಮಾನರ ದೂರು ಚಿಕ್ಕದು: “ಉಕ್ಕೇ ಖೋಟಾ ಮಾರಾಯ್ರೆ. ನಮ್ಮ ಆಚಾರ್ರು ಲಾರಿ ಪ್ಲೇಟಲ್ಲಿ ಬಡಿದ ಕತ್ತಿ ಹತ್ತು ವರ್ಷ ಆದ್ರೂ ಹಿಂಗೆ ಹಲ್ಲು ಬಿಟ್ಟಿಲ್ಲ.”

ಉಕ್ಕು ಖೋಟಾ ಆಗಿರಲಿಲ್ಲ. ಆದರೆ ಆ ಕತ್ತಿಯ ಹೋಲಿಕೆ ತಳ್ಳಿಹಾಕುವಂಥದ್ದೂ ಅಲ್ಲ. ಅದಕ್ಕೆ ಆಮೇಲೆ ಬರೋಣ.

ಬಾಯಿಯಲ್ಲಿ ಕಂಡದ್ದು

ಚಾಕುವನ್ನು ಸೋಪುನೀರಿನಲ್ಲಿ ತೊಳೆದು, ಒರೆಸಿ, ಬಾಯಿ ಮೇಲಾಗಿ ಹಿಡಿದು ಟಾರ್ಚ್ ಬೆಳಕಿಗೆ ಒಡ್ಡಬೇಕು. ಹರಿತವಾದ ಬಾಯಿ ಬೆಳಕಿಗೆ ಕಾಣುವುದೇ ಇಲ್ಲ. ಎಲ್ಲಿ ಬಿಳಿ ಗೆರೆ ಮಿನುಗುತ್ತದೋ ಅಲ್ಲಿ ಬಾಯಿ ಮೊಂಡಾಗಿದೆ, ಇಲ್ಲವೇ ಮಡಚಿದೆ, ಇಲ್ಲವೇ ಚಕ್ಕೆ ಎದ್ದಿದೆ. ಮಡಚಿದ್ದಾದರೆ ಉಗುರನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಹಗುರವಾಗಿ ಜಾರಿಸಿದಾಗ ಒಂದು ಬದಿಯಲ್ಲಿ ಮಾತ್ರ ತಡೆಯುತ್ತದೆ, ಇನ್ನೊಂದು ಬದಿಯಲ್ಲಿ ನಯವಾಗಿ ಜಾರುತ್ತದೆ. ಮುಕ್ಕಾಗಿದ್ದರೆ ಉಗುರಿನ ಅಂಚು ಬಾಯಿಯ ಉದ್ದಕ್ಕೆ ಸಾಗುವಾಗ ಗುಂಡಿಗೆ ಬೀಳುತ್ತದೆ. ಉಳಿದದ್ದಕ್ಕೆ ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಹತ್ತು ಪಟ್ಟಿನ ಮಸೂರ ಸಾಕು.

ಮಸೂರದಲ್ಲಿ ಕಂಡದ್ದು ಒಂದು ಬಗೆಯ ಹಾನಿಯಲ್ಲ, ಮೂರು.

ತುದಿಯಿಂದ 12 ಮಿ.ಮೀ. ಒಳಗೆ ಅರ್ಧಚಂದ್ರದ ಆಕಾರದ ಒಂದೇ ದೊಡ್ಡ ಮುಕ್ಕು: ಉದ್ದ 1.6 ಮಿ.ಮೀ., ಆಳ 0.7 ಮಿ.ಮೀ. ಮುರಿದ ಮೈ ಬೂದು ಬಣ್ಣದ್ದು, ಸಕ್ಕರೆಯಂತೆ ಹರಳುಹರಳು, ಎಡಬದಿಗೆ ಓರೆ.

ಹೊಟ್ಟೆಯ ಭಾಗದಲ್ಲಿ, ಸುಮಾರು 30 ಮಿ.ಮೀ. ಉದ್ದಕ್ಕೆ, ಗರಗಸದಂತೆ ಸಾಲಾಗಿ ಸಣ್ಣ ಮುಕ್ಕುಗಳು. ಒಂದೊಂದರ ಆಳ 0.1ರಿಂದ 0.2 ಮಿ.ಮೀ. ಇವು ಎರಡೂ ಬದಿಗೆ ಹಂಚಿಕೊಂಡಿದ್ದವು, ಒಂದೇ ಕಡೆಗೆ ವಾಲಿರಲಿಲ್ಲ.

ಹಿಡಿಯ ಹತ್ತಿರ, ಬುಡದಿಂದ 4ರಿಂದ 14 ಮಿ.ಮೀ. ನಡುವೆ, ಹುಳು ತಿಂದಂತೆ ಕುಳಿಗಳು. ಕುಳಿಯ ತಳ ಕಂದು. ಸುತ್ತ ಅಲ್ಲಲ್ಲಿ ತಾಮ್ರದ ಬಣ್ಣದ ತೆಳು ಪೊರೆ. ಇಲ್ಲಿ ಲೋಹ ಮುರಿದದ್ದಕ್ಕಿಂತ ಹೆಚ್ಚಾಗಿ ಕರಗಿಹೋಗಿತ್ತು.

ಉಕ್ಕೇ ಕೆಟ್ಟದ್ದಾಗಿದ್ದರೆ ಹಾನಿ ಬಾಯಿಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಬಗೆಯಾಗಿರಬೇಕಿತ್ತು. ಮೂರು ಜಾಗ, ಮೂರು ಬಗೆ ಎಂದರೆ ಮೂರು ಕಾರಣ ಹುಡುಕಬೇಕು.

ಉಕ್ಕಿನ ಪರೀಕ್ಷೆ, ಚುಟುಕಾಗಿ

1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಜಿಲ್ಲೆ ಇದು. ಆದರೂ ಚಾಕುವಿನ ಮೇಲಿನ ಅಕ್ಷರ ಓದಿಯೇ ತೀರ್ಪು ಕೊಡುವವರು ಇಲ್ಲೂ ಹೆಚ್ಚು. ಮಾಚೇನಹಳ್ಳಿ ಕಡೆ ಎರಕದ ಕಾರ್ಖಾನೆಗಳಿರುವುದರಿಂದ ಗಡಸುತನ ಅಳೆಯುವ ಯಂತ್ರ ಸಿಗುವುದು ಕಷ್ಟವಲ್ಲ. ಇಳಿಜಾರಿನ ಮೇಲೆ ಅಳೆದರೆ ಲೆಕ್ಕ ತಪ್ಪುತ್ತದೆ. ಅಲಗಿನ ಬುಡದ ಚಪ್ಪಟೆ ಜಾಗದಲ್ಲೇ ಅಳೆಯಬೇಕು. ಅಲ್ಲಿ ಬಂದದ್ದು ಗಡಸುತನದ ರಾಕ್‌ವೆಲ್ ಸಿ ಮಾಪಕದಲ್ಲಿ 60. ಎಕ್ಸ್-ಕಿರಣ ಹಾಯಿಸಿ ಲೋಹದಲ್ಲಿ ಏನೇನು ಬೆರೆತಿದೆ ಎಂದು ಅಳೆಯುವ, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಉಪಕರಣ ಕ್ರೋಮಿಯಂ ಶೇ 11.6 ತೋರಿಸಿತು. ಆ ಉಪಕರಣ ಇಂಗಾಲವನ್ನು ಅಳೆಯಲಾರದು, ಹಾಗಾಗಿ ಅದೊಂದರಿಂದಲೇ ಡಿ2 ಎಂದು ಮುದ್ರೆ ಒತ್ತುವಂತಿಲ್ಲ. ಆದರೆ ಗಡಸುತನ, ಕ್ರೋಮಿಯಂ, ಮಾಲಿಬ್ಡಿನಂ, ವೆನೇಡಿಯಂ ನಾಲ್ಕೂ ಹೊಂದಿದಾಗ ಅನುಮಾನಕ್ಕೆ ಎಡೆ ಕಡಿಮೆ.

ಬುಡದಲ್ಲಿ 60 ಬಂದದ್ದರಿಂದ ಬಾಯಿಯಲ್ಲೂ 60 ಇದೆ ಎಂದಾಗುವುದಿಲ್ಲ. ಈ ಪ್ರಕರಣದ ಗಂಟು ಇರುವುದೇ ಅಲ್ಲಿ.

ಹೊಟ್ಟೆಯ ಸಾಲುಮುಕ್ಕು

ಮಳೆಗಾಲವಿಡೀ ಈ ಚಾಕು ಬಾಳೆಗೊನೆ, ನೈಲಾನ್ ಹಗ್ಗ, ಮೆಣಸಿನ ಬಳ್ಳಿ ಕೊಯ್ದಿತ್ತು. ಆಗ ಸಾಲುಮುಕ್ಕು ಇರಲಿಲ್ಲ. ನವೆಂಬರ್‌ನಲ್ಲಿ, ಕೊಯ್ಲಿನ ಹೊತ್ತಿಗೆ ಮೊಂಡಾಯಿತೆಂದು ಪೇಟೆಯಲ್ಲಿ ತಿರುಗುವ ಸಾಣೆಚಕ್ರಕ್ಕೆ ಕೊಟ್ಟು ಹರಿತ ಮಾಡಿಸಿದರು. ಕೂದಲು ಬೋಳಿಸುವಷ್ಟು ಹರಿತ. ಒಂದು ವಾರದೊಳಗೆ ಹಲ್ಲು ಶುರು.

ಮಸೆದ ಪಟ್ಟಿ ಮುಗಿದು ಅಲಗಿನ ಇಳಿಜಾರು ಆರಂಭವಾಗುವ ಗೆರೆಯನ್ನು ಹೆಗಲು ಅನ್ನೋಣ. ಹೆಗಲಿನಲ್ಲಿ ದಪ್ಪ 0.20 ಮಿ.ಮೀ.; ಮಸೆದ ಪಟ್ಟಿಯ ಅಗಲ 0.44 ಮಿ.ಮೀ. ದಪ್ಪದ ಅರ್ಧವನ್ನು ಪಟ್ಟಿಯ ಅಗಲದಿಂದ ಭಾಗಿಸಿದರೆ 0.227, ಅದು 13 ಡಿಗ್ರಿಯ ಸೈನ್. ಅಂದರೆ ಒಂದೊಂದು ಬದಿಗೆ 13 ಡಿಗ್ರಿ, ಒಟ್ಟು 26. ಹಿಡಿಗೆ ತಾಗಿದ 4 ಮಿ.ಮೀ. ಜಾಗಕ್ಕೆ ಚಕ್ರ ಮುಟ್ಟಿರಲಿಲ್ಲ, ಅಲ್ಲಿ ಕಾರ್ಖಾನೆಯ ಮಸೆತ ಹಾಗೇ ಉಳಿದಿತ್ತು. ಅಲ್ಲಿನ ಕೋನ ಬದಿಗೆ 20 ಡಿಗ್ರಿ. ಪೇಟೆಯ ಸಾಣೆ ಚಾಕುವನ್ನು ಹರಿತ ಮಾಡಿದ್ದು ಕೋನವನ್ನು ಮೂರನೇ ಒಂದು ಪಾಲು ಇಳಿಸಿ.

ಇದು ಎಷ್ಟು ದೊಡ್ಡ ವ್ಯತ್ಯಾಸ? ಬಾಯಿಯ ತುತ್ತತುದಿಯಿಂದ 0.1 ಮಿ.ಮೀ. ಒಳಗೆ, 13 ಡಿಗ್ರಿಯಲ್ಲಿ ಅಲಗಿನ ದಪ್ಪ 0.046 ಮಿ.ಮೀ.; 20 ಡಿಗ್ರಿಯಲ್ಲಿ 0.073. ತೆಳು ತಗಡು ಬಾಗದೆ ನಿಲ್ಲುವ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಆ ಜಾಗದಲ್ಲಿ ಬಿಗಿತ ಸುಮಾರು ನಾಲ್ಕು ಪಟ್ಟು ಕಡಿಮೆಯಾಗಿತ್ತು.

ಈಗ ಉಕ್ಕಿನ ಗುಣ ನೋಡಿ. ಡಿ2ನಲ್ಲಿ ಇಂಗಾಲ ಸುಮಾರು ಶೇ 1.5, ಕ್ರೋಮಿಯಂ ಸುಮಾರು ಶೇ 12, ಮಾಲಿಬ್ಡಿನಂ ಮತ್ತು ವೆನೇಡಿಯಂ ಒಂದೊಂದು ಶೇಕಡಾದ ಆಸುಪಾಸು. ಕರಗಿದ ಉಕ್ಕು ಗಟ್ಟಿಯಾಗುವಾಗಲೇ ಇಂಗಾಲ, ಕ್ರೋಮಿಯಂ ಸೇರಿ ದಪ್ಪ ಕಾರ್ಬೈಡ್ ಹರಳುಗಳಾಗುತ್ತವೆ. ಉಕ್ಕನ್ನು ಉರುಳೆಗಳ ನಡುವೆ ಒತ್ತಿ ಎಳೆದಾಗ ಅವು ಪಟ್ಟೆಪಟ್ಟೆಯಾಗಿ ಸಾಲುಗಟ್ಟುತ್ತವೆಯೇ ಹೊರತು ಮಾಯವಾಗುವುದಿಲ್ಲ. ಯಾವ ಹದವೂ ಅವನ್ನು ಪೂರ್ತಿ ಕರಗಿಸಲಾರದು. ಸಾಮಾನ್ಯ ಡಿ2ನಲ್ಲಿ 20, 30 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್) ಗಾತ್ರದ ಹರಳು ಇರುವುದು ಮಾಮೂಲು. ಉಜ್ಜಿದರೆ ಸವೆಯದ ಗುಣ ಬರುವುದು ಇವುಗಳಿಂದಲೇ. ಆದರೆ 13 ಡಿಗ್ರಿಯ ಬಾಯಿಯಲ್ಲಿ ತುದಿಯಿಂದ 65 ಮೈಕ್ರಾನ್ ಒಳಗೆ ಹೋದರೂ ಅಲಗಿನ ಪೂರ್ತಿ ದಪ್ಪ 30 ಮೈಕ್ರಾನ್, ಅಂದರೆ ಒಂದೇ ಒಂದು ಹರಳಿನಷ್ಟು. ಜಡಿಮಳೆಯಲ್ಲಿ ಧರೆಯಿಂದ ಒಂದು ಕಲ್ಲು ಕಳಚಿದರೆ ಅದು ಹಿಡಿದಿದ್ದ ಮಣ್ಣೂ ಜೊತೆಗೆ ಜಾರುತ್ತದಲ್ಲ, ಇಲ್ಲೂ ಹಾಗೆಯೇ. ದಪ್ಪ ಧರೆಯಲ್ಲಿ ಒಂದು ಕಲ್ಲು ಹೋದರೆ ಏನೂ ಆಗುವುದಿಲ್ಲ.

ಇದರ ಜೊತೆಗೆ ಚಕ್ರದ ಬಿಸಿ. ಮಸೆದ ಗೆರೆಗಳು ಒರಟಾಗಿ ಬಾಯಿಗೆ ಅಡ್ಡಲಾಗಿದ್ದವು, ತುದಿಯ ಹತ್ತಿರ ಕಂದು ಛಾಯೆಯೂ ಇತ್ತು. ನೀರಿಲ್ಲದ ಚಕ್ರದಲ್ಲಿ ಬಾಯಿಯ ತೆಳು ಅಂಚು ಕಣ್ಣಿಗೆ ಬಣ್ಣ ಕಾಣುವ ಮೊದಲೇ ಕಾದುಬಿಡುತ್ತದೆ. ಸ್ವಲ್ಪ ಮಿತಿ ಮೀರಿದರೆ ಉಕ್ಕು ಮೆತ್ತಗಾಗುತ್ತದೆ. ಕೆಂಪಾಗುವ ಮಟ್ಟಕ್ಕೆ ಹೋಗಿ ತಟ್ಟನೆ ತಣಿದರೆ ಅದೇ ಅಂಚು ಮತ್ತೆ ಗಡಸಾಗಿ, ಹದವಿಲ್ಲದೆ, ಗಾಜಿನಂತಾಗುತ್ತದೆ. ಎರಡೂ ಒಂದೇ ಬಾಯಿಯಲ್ಲಿ ಅಕ್ಕಪಕ್ಕ ಇರಬಹುದು. ಹೊಸ ಚಾಕುಗಳು ಮೊದಲ ಮಸೆತದವರೆಗೆ ಮುಕ್ಕಾಗುತ್ತ, ಎರಡು ಮೂರು ಸಲ ಕೈಯಲ್ಲಿ ಮಸೆದ ಮೇಲೆ ‘ಸರಿಹೋಗುವುದು’ ಇದೇ ಕಾರಣಕ್ಕೆ: ಬೆಂದ ಅಂಚು ತೆಗೆದ ಮೇಲೆ ಒಳಗಿನ ಒಳ್ಳೆಯ ಉಕ್ಕು ಸಿಗುತ್ತದೆ.

ಕೊನೆಗೆ ಕೆಲಸ. ನೆಲದಲ್ಲಿ ಬಿದ್ದ ಅಡಿಕೆ ಹಾಳೆಯ ಮಡಿಕೆಗಳಲ್ಲಿ ಮರಳು ಕೂತಿರುತ್ತದೆ. ಬಿದಿರಿನ ಗಂಟು ಸೀಳುವಾಗ ಬಾಯಿಗೆ ಹೊಡೆತ ಬೀಳುತ್ತದೆ. 20 ಡಿಗ್ರಿಯ ಬಾಯಿ ಇವನ್ನೆಲ್ಲ ತಡೆದುಕೊಂಡಿತ್ತು. 13 ಡಿಗ್ರಿಯದು ತಡೆಯಲಿಲ್ಲ.

ಆಚಾರ್ರ ಕತ್ತಿ ಯಾಕೆ ಹಲ್ಲು ಬಿಡಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಲಾರಿಯ ಸ್ಪ್ರಿಂಗ್ ಪ್ಲೇಟಿನಲ್ಲಿ ಇಂಗಾಲ ಶೇ 0.6ರ ಆಸುಪಾಸು; ದಪ್ಪ ಕಾರ್ಬೈಡ್ ಇಲ್ಲವೇ ಇಲ್ಲ. ಕುಲುಮೆಯ ಹದದಲ್ಲಿ ಅದು 60 ಮುಟ್ಟುವುದೂ ಇಲ್ಲ, ಬಾಯಿಯ ಕೋನವೂ ದಪ್ಪ. ಕಲ್ಲಿಗೆ ತಾಗಿದರೆ ಆ ಬಾಯಿ ಮಡಚಿಕೊಳ್ಳುತ್ತದೆ, ಮುಕ್ಕಾಗುವುದಿಲ್ಲ, ಮಸೆದರೆ ಸರಿ. ಪ್ರತಿಯಾಗಿ ಅದನ್ನು ಪದೇ ಪದೇ ಮಸೆಯಬೇಕು, ಆ ಕೆಲಸ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಬುಡದ ಕುಳಿ

ತಾಮ್ರದ ಬಣ್ಣ ಕಂಡ ಕೂಡಲೇ ಕೇಳಬೇಕಾದ ಪ್ರಶ್ನೆ: ಬೋರ್ಡೋ ದ್ರಾವಣಕ್ಕೆ ಚಾಕು ಅದ್ದಿದ್ದೀರಾ? ಅದ್ದಿದ್ದರು, ಮಳೆಗಾಲದಲ್ಲಿ ಔಷಧಿ ಹೊಡೆದ ಎರಡೂ ಸಲ.

ಕೊಳೆರೋಗಕ್ಕೆ ಹೊಡೆಯುವ ಶೇ 1ರ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಸುಣ್ಣ ಸಾಕಾಗಿದೆಯೇ ಎಂದು ನೋಡಲು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿ ಅಥವಾ ಚಾಕುವನ್ನು ಒಂದು ನಿಮಿಷ ಅದ್ದುವುದು ಹಳೆಯ ಕ್ರಮ. ಕೆಂಪು ಬಣ್ಣ ಹತ್ತಿದರೆ ತಾಮ್ರ ಇನ್ನೂ ಬಿಡಿಯಾಗಿದೆ, ಸುಣ್ಣದ ಹಾಲು ಇನ್ನಷ್ಟು ಬೇಕು. ಕ್ರಮ ಸರಿ. ಆದರೆ ಆ ಕೆಂಪು ಬಣ್ಣ ಬರುವುದು ಕಬ್ಬಿಣ ಕರಗಿ ಅದರ ಜಾಗದಲ್ಲಿ ತಾಮ್ರ ಕೂರುವುದರಿಂದ. ಪರೀಕ್ಷೆ ನಡೆಯುವುದೇ ಚಾಕುವಿನ ಖರ್ಚಿನಲ್ಲಿ.

ಡಿ2 ಈ ಪರೀಕ್ಷೆಗೆ ಎರಡು ರೀತಿಯಲ್ಲೂ ಒಗ್ಗದು. ಕ್ರೋಮಿಯಂ ಶೇ 12 ಇದ್ದರೂ ಅದರ ಅರ್ಧದಷ್ಟು ಕಾರ್ಬೈಡ್ ಹರಳುಗಳಲ್ಲಿ ಸಿಕ್ಕಿಕೊಂಡಿರುತ್ತದೆ. ತುಕ್ಕು ತಡೆಯಲು ಉಳಿಯುವುದು ಉಳಿದರ್ಧ ಮಾತ್ರ. ಆದ್ದರಿಂದ ಇದು ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಕುಳಿ ಬೀಳುತ್ತದೆ. ಅದೇ ಹೊತ್ತಿಗೆ, ಇರುವಷ್ಟು ಕ್ರೋಮಿಯಂ ಮೇಲ್ಮೈಯಲ್ಲಿ ತೆಳು ರಕ್ಷಣೆಯ ಪದರ ಕಟ್ಟುವುದರಿಂದ ತಾಮ್ರದ ಬಣ್ಣ ತಡವಾಗಿ, ಮಚ್ಚೆಮಚ್ಚೆಯಾಗಿ ಹತ್ತುತ್ತದೆ; ಸುಣ್ಣ ಸಾಕೆಂದು ಮೋಸಹೋಗುವ ಸಾಧ್ಯತೆ ಇದೆ. ಚಾಕುವೂ ಹಾಳು, ಔಷಧಿಯ ಲೆಕ್ಕವೂ ತಪ್ಪು. ತುಕ್ಕು ಉಜ್ಜಿದ ಸಾದಾ ಮೊಳೆ, ಹಳೆಯ ಕುಡುಗೋಲು ಇದ್ದರೆ ಸಾಕು. ಪಿಎಚ್ ಕಾಗದ ಇದ್ದರೆ ಇನ್ನೂ ಒಳ್ಳೆಯದು.

ಅದ್ದಿದ ಮೇಲೆ ಅಲಗನ್ನು ಟವೆಲ್ಲಿಗೆ ಒರೆಸಿ ಮಡಚಿಡುತ್ತಿದ್ದರು. ಬಟ್ಟೆ ಮುಟ್ಟದ ಜಾಗವೆಂದರೆ ಹಿಡಿಗೆ ತಾಗಿದ ಬುಡ. ವರ್ಷಕ್ಕೆ 7,000 ಮಿ.ಮೀ. ದಾಟಿ ಮಳೆ ಸುರಿಯುವ ಆಗುಂಬೆ ಸೀಮೆಯಲ್ಲಿ ಮಡಚಿಟ್ಟ ಹಿಡಿಯ ಒಳಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಸೆ ಆರುವುದೇ ಇಲ್ಲ. ಅಂಟಿಕೊಂಡ ತಾಮ್ರದ ಚುಕ್ಕೆಗಳ ಪಕ್ಕದಲ್ಲಿ ಉಕ್ಕು ನಿಧಾನವಾಗಿ ಕರಗುತ್ತಲೇ ಇತ್ತು. ಅಡಿಕೆಯ ಚೊಗರು ತಾಗಿದಾಗ ಬರುವ ಕಪ್ಪು ಕಲೆಯನ್ನು ಇದರ ಜೊತೆ ಕಲಸಿಕೊಳ್ಳಬಾರದು. ಅದು ಟ್ಯಾನಿನ್ ಮತ್ತು ಕಬ್ಬಿಣ ಸೇರಿ ಆಗುವ ಬಣ್ಣ, ತೆಳ್ಳಗೆ ಮೇಲೇ ಇರುತ್ತದೆ. ಬಾಯಿಯನ್ನು ಹೀಗೆ ತಿನ್ನುವುದಿಲ್ಲ.

ತುದಿಯ ದೊಡ್ಡ ಮುಕ್ಕು

ಇದರ ಕಾರಣ ಒಂದೇ ಪ್ರಶ್ನೆಗೆ ಬಿಚ್ಚಿಕೊಂಡಿತು. ಒಣಗಲು ಹಾಕಿದ ಅಡಿಕೆ ಆರಿದೆಯೇ ಎಂದು ನೋಡಲು ಚಾಕುವಿನ ತುದಿ ಊರಿ, ಒತ್ತಿ, ತಿರುಚಿ ಒಡೆಯುತ್ತಿದ್ದರು. ನೇರ ಒತ್ತಡವನ್ನು 60ರ ಗಡಸಿನ ಉಕ್ಕು ಚೆನ್ನಾಗಿ ತಾಳುತ್ತದೆ. ತಿರುಚಿದಾಗ ಬಾಯಿಯ ಒಂದು ಬದಿ ಎಳೆತಕ್ಕೆ ಸಿಗುತ್ತದೆ, ದಪ್ಪ ಕಾರ್ಬೈಡಿನ ಉಕ್ಕಿಗೆ ಆಗದಿರುವುದು ಅದೇ. ಮುಕ್ಕು ಎಡಕ್ಕೆ ಓರೆಯಾಗಿದ್ದದ್ದು ಬಲಗೈಯವರ ಮಣಿಕಟ್ಟು ತಿರುಗುವ ದಿಕ್ಕಿಗೆ ಸರಿಯಾಗಿ ಹೊಂದಿತು. ಆಳ 0.7 ಮಿ.ಮೀ. ಎಂದರೆ ಹೆಗಲನ್ನೂ ದಾಟಿ ಒಡೆದಿದೆ. ಅಷ್ಟು ಆಳಕ್ಕೆ ಕೋನ ಒಂದನ್ನೇ ದೂರುವಂತಿಲ್ಲ.

ಇದಕ್ಕೆ ಅಡಕತ್ತರಿ ಇದೆ. ಮಲೆನಾಡಿನ ಯಾವ ಮನೆಯ ಕವಳದ ಬಟ್ಟಲಿನ ಪಕ್ಕದಲ್ಲೂ ಅದು ಸಿಗುತ್ತದೆ. ದಪ್ಪ ಬಾಯಿ, ತಿರುಗಣೆಯ ಸನ್ನೆ, ತಿರುಚಲು ಆಸ್ಪದವೇ ಇಲ್ಲ. ಬಾಯಿಯ ಕೋನದ ಬಗ್ಗೆ ಇಷ್ಟು ಬರೆಯುವ ಅಗತ್ಯವನ್ನೇ ತಪ್ಪಿಸಿದ ಉಪಕರಣ.

ದುರಸ್ತಿ

ಮೊದಲು ಬಿಚ್ಚಿದ್ದು. ನಕ್ಷತ್ರ ತಲೆಯ ಟಿ8 ಸ್ಕ್ರೂ. ಬಿಗಿಯಾಗಿದ್ದರೆ ಒತ್ತಾಯ ಮಾಡದೆ ಸ್ಕ್ರೂ ತಲೆಯನ್ನು ಬೆಸುಗೆ ಕಡ್ಡಿಯಿಂದ ಅರ್ಧ ನಿಮಿಷ ಬಿಸಿ ಮಾಡಿದರೆ ಅಂಟು ಬಿಡುತ್ತದೆ. ಎಲ್ಲ ಭಾಗಗಳನ್ನೂ ಸೋಪುನೀರಿನಲ್ಲಿ ತೊಳೆದು ಬಿಸಿಲಲ್ಲಿ ಒಣಗಿಸಿ, ಅಲಗಿನ ತಾಮ್ರದ ಪೊರೆಯನ್ನು 1000ರ ನೀರುಕಾಗದದಿಂದ (ಉಜ್ಜುವ ಕಾಗದ, ಕಲ್ಲುಗಳ ಈ ಅಂಕಿ ಹೆಚ್ಚಿದಷ್ಟೂ ಕಣ ನಯ) ಉಜ್ಜಿ ತೆಗೆಯಲಾಯಿತು. ತಾಮ್ರ ಉಳಿದರೆ ಕುಳಿ ಮುಂದುವರಿಯುತ್ತದೆ.

ನಂತರ ಎಷ್ಟು ಲೋಹ ತೆಗೆಯುವುದು ಎಂಬ ನಿರ್ಧಾರ. ದೊಡ್ಡ ಮುಕ್ಕು ಪೂರ್ತಿ ಹೋಗುವವರೆಗೆ ಇಡೀ ಬಾಯಿಯನ್ನು 0.7 ಮಿ.ಮೀ. ಇಳಿಸುವುದು ದುಂದು. ಸಾಲುಮುಕ್ಕಿನ ಆಳ 0.2, ಬೆಂದ ಅಂಚೂ ಅದರೊಳಗೇ ಬರುತ್ತದೆ. ಆದ್ದರಿಂದ ಇಡೀ ಬಾಯಿ 0.25 ಮಿ.ಮೀ., ತುದಿಯ 15 ಮಿ.ಮೀ. ಉದ್ದಕ್ಕೆ ಮಾತ್ರ ಬಾಗನ್ನು ಮೇಲಕ್ಕೆತ್ತಿ ಇನ್ನು 0.45. ತುದಿಯಲ್ಲಿ ಇದರಿಂದ ಬಾಯಿಯ ಹಿಂದಿನ ದಪ್ಪವೂ ಸುಮಾರು 0.05 ಮಿ.ಮೀ. ಹೆಚ್ಚಾಯಿತು, ಏಟು ಬೀಳುವ ಜಾಗದಲ್ಲಿ ಅದು ಲಾಭವೇ.

ಲೋಹ ತೆಗೆಯುವ ಬಗೆ: 400ರ ವಜ್ರದ ಫಲಕದ ಮೇಲೆ ನೀರು ಹಾಕಿ, ಬಾಯಿಯನ್ನೇ ಲಂಬವಾಗಿ ನಿಲ್ಲಿಸಿ ಗರಗಸ ಎಳೆದಂತೆ ಎಳೆಯುವುದು. ನೋಡಿದವರಿಗೆ ಎದೆ ಧಸಕ್ಕೆನ್ನುತ್ತದೆ, ಆದರೆ ಮುಕ್ಕು ತೆಗೆಯಲು ಇದೇ ಚೊಕ್ಕ ದಾರಿ; ಓರೆ ಹಿಡಿದು ಒಂದೇ ಬದಿ ಉಜ್ಜಿದರೆ ಬಾಯಿ ನಡುಗೆರೆ ಬಿಟ್ಟು ಸರಿಯುತ್ತದೆ. ಮರಳುಗಲ್ಲಿನಲ್ಲಿ ಡಿ2 ಮಸೆಯಲು ಕೂತರೆ ಸಂಜೆಯಾಗುತ್ತದೆ: ಅದರ ಸ್ಫಟಿಕ ಹದಗೊಂಡ ಉಕ್ಕಿಗಿಂತ ಗಡಸು, ಕ್ರೋಮಿಯಂ ಕಾರ್ಬೈಡಿಗಿಂತ ಮೆತ್ತಗೆ. ಅಂಗಡಿಯ ಎರಡು ಮುಖದ ಕಾರ್ಬೊರಂಡಂ ಕಲ್ಲು ಸಾಕಾಗುತ್ತದೆ, ವಜ್ರವೇ ಬೇಕೆಂದಿಲ್ಲ.

ಹೊಸ ಕೋನ ಬದಿಗೆ 20 ಡಿಗ್ರಿ. 26 ಮಿ.ಮೀ. ಅಗಲದ ಅಲಗಿನಲ್ಲಿ ಇದಕ್ಕೆ ಬೆನ್ನಿನ ಕೆಳಮೈ ಕಲ್ಲಿನಿಂದ ಸುಮಾರು 7.5 ಮಿ.ಮೀ. ಎತ್ತರದಲ್ಲಿರಬೇಕು. ಆ ದಪ್ಪದ ಮರದ ತುಂಡೊಂದನ್ನು ಪಕ್ಕದಲ್ಲಿಟ್ಟು ಎರಡು ನಿಮಿಷಕ್ಕೊಮ್ಮೆ ಎತ್ತರ ಸರಿನೋಡುವುದು. ಪಟ್ಟಿಗೆ ಮಾರ್ಕರ್ ಶಾಯಿ ಬಳಿದು ನಾಲ್ಕು ಎಳೆತ ಎಳೆದರೆ ಕಲ್ಲು ಎಲ್ಲಿ ಮುಟ್ಟುತ್ತಿದೆ ಎಂದು ಗೊತ್ತಾಗುತ್ತದೆ: ಶಾಯಿ ಹೆಗಲಿನಲ್ಲಿ ಮಾತ್ರ ಅಳಿಸಿದರೆ ಬೆನ್ನು ತಗ್ಗಿದೆ, ಬಾಯಿಯಲ್ಲಿ ಮಾತ್ರ ಅಳಿಸಿದರೆ ಬೆನ್ನು ಎತ್ತರವಾಗಿದೆ.

ಒತ್ತಡ ಕೈಗೆ ಗೊತ್ತಾಗದಿದ್ದರೆ ಕಲ್ಲನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ಮಸೆಯಿರಿ. ಆರಂಭದಲ್ಲಿ 500 ಗ್ರಾಂ, ಕೊನೆಯ ಹತ್ತು ಎಳೆತಕ್ಕೆ 100 ಗ್ರಾಂ. ಒಂದು ಬದಿ ಮಸೆದಾಗ ಇನ್ನೊಂದು ಬದಿಗೆ ಮಡಚಿ ನಿಲ್ಲುವ ತೆಳು ಅಂಚನ್ನು ಲೇತ್ ಅಂಗಡಿಯವರು ಬರ್ ಅನ್ನುತ್ತಾರೆ. ಅದನ್ನು ಚರ್ಮದ ಪಟ್ಟಿಯ ಮೇಲೆ ಒತ್ತಿ ಕಿತ್ತರೆ ಬುಡಸಮೇತ ಹರಿದು ಹೊಸ ಮುಕ್ಕು ಬಿಡುತ್ತದೆ. ಎಡಕ್ಕೊಂದು ಬಲಕ್ಕೊಂದು ಎಳೆತದಂತೆ ಕಲ್ಲಿನ ಮೇಲೇ ಸವೆಸಬೇಕು. ಚರ್ಮಕ್ಕೆ ಬದಿಗೆ ಐದಾರು ಎಳೆತ ಸಾಕು. ಮಸೆತವನ್ನು 1000ಕ್ಕೇ ನಿಲ್ಲಿಸಲಾಯಿತು. ಹಗ್ಗ, ಹಾಳೆ ಕೊಯ್ಯಲು ಡಿ2ನ ಬಾಯಿ ಸ್ವಲ್ಪ ಒರಟಿದ್ದಷ್ಟೂ ಚೆನ್ನ.

ಪರೀಕ್ಷೆ, ಒಂದು ಸೋಲು

ನೈಲಾನ್ ಹಗ್ಗ 20 ತುಂಡು, ತೊಳೆದ ಹಾಳೆ 20, ಒಣಬಿದಿರಿನ ಗಂಟಿನ ಮೇಲೆ 10 ಸೀಳು. ಒಂದೊಂದು ಹಂತದ ನಂತರವೂ ಮಸೂರ. ಹೊಟ್ಟೆಯೂ ತುದಿಯೂ ನಿಂತವು. ಬುಡದ ಹತ್ತಿರ ಬಿದಿರಿನ ಹಂತದಲ್ಲಿ ಮತ್ತೆ ಎರಡು ಮುಕ್ಕು. ಮುಕ್ಕಿನ ತಳದಲ್ಲಿ ಕಂದು ಚುಕ್ಕೆ ಇತ್ತು: ಕುಳಿ ಲೆಕ್ಕ ಹಾಕಿದ್ದಕ್ಕಿಂತ ಆಳಕ್ಕಿಳಿದಿತ್ತು, ಬಿರುಕು ಅದರ ತಳದಿಂದಲೇ ಹೊರಟಿತ್ತು. ಇನ್ನು 0.1 ಮಿ.ಮೀ. ಇಳಿಸಿ ಮತ್ತೆ ಮಸೆದ ಮೇಲೆ ಅದೇ ಪರೀಕ್ಷೆಯಲ್ಲಿ ಬಾಯಿ ಉಳಿಯಿತು.

ತಿರುಗಣೆಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ. ಅಲಗಿಗೆ ಕೊಬ್ಬರಿ ಎಣ್ಣೆ ಆದೀತು. ತಿರುಗಣೆಗೆ ಬೇಡ, 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟಿ ಧನುರ್ಮಾಸದ ಬೆಳಗಿನಲ್ಲಿ ಚಾಕು ತೆರೆಯುವುದೇ ಇಲ್ಲ.

ಹೊಸದು ಕೊಳ್ಳುವುದಾದರೆ

ಈ ತೋಟದ ಕೆಲಸಕ್ಕೆ ಡಿ2 ಮೊದಲ ಆಯ್ಕೆ ಅಲ್ಲ. ಇಂಗಾಲ ಶೇ 0.62, ಕ್ರೋಮಿಯಂ ಶೇ 14, ಜೊತೆಗೆ ಚೂರು ಸಾರಜನಕ ಇರುವ 14ಸಿ28ಎನ್ ಎಂಬ ಉಕ್ಕು ಅಥವಾ ಅದರ ಹಿರಿಯಣ್ಣ 12ಸಿ27 ಸರಿಯಾದ ಜೋಡಿ: ಕಾರ್ಬೈಡ್ ಬಲು ಸಣ್ಣವು, ಏಟು ತಾಳುತ್ತವೆ, ಮಳೆಗೆ ಹೆದರುವುದಿಲ್ಲ. ಬೇಗ ಸವೆಯುತ್ತವೆ, ಆದರೆ ಮಸೆಯುವುದು ಸುಲಭ. 1095ರಂಥ ಸಾದಾ ಇಂಗಾಲದ ಉಕ್ಕು ಮಳೆಗಾಲದಲ್ಲಿ ದಿನಾ ಎಣ್ಣೆ ಕೇಳುತ್ತದೆ. ಲೋಹದ ಪುಡಿಯಿಂದ ಮಾಡುವ ಎಸ್30ವಿ ಉಕ್ಕಿನಲ್ಲಿ ಹರಳು ಸಣ್ಣದೇ, ಆದರೆ ಶೇ 4ರ ವೆನೇಡಿಯಂನಿಂದಾಗುವ ಕಾರ್ಬೈಡ್ ಮಾಮೂಲು ಕಲ್ಲಿಗೆ ಬಗ್ಗುವುದಿಲ್ಲ, ಅಲ್ಲಿ ವಜ್ರದ ಫಲಕ ಬೇಕೇ ಬೇಕು. ಅಡಿಕೆ ಮಂಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಗೋಣಿಚೀಲದ ಹುರಿ ಕೊಯ್ಯುವವರ ಕೈಗೆ ಇದೇ ಡಿ2 ಕೊಟ್ಟರೆ ಅವರು ಬೇರೆ ಚಾಕು ಮುಟ್ಟಲಿಕ್ಕಿಲ್ಲ.

ಯಜಮಾನರು ಹೊಸದು ಕೊಳ್ಳಲಿಲ್ಲ. ಮಾರ್ಚ್ ಕೊನೆಯಲ್ಲಿ ಮತ್ತೆ ನೋಡಿದಾಗ ಹೊಟ್ಟೆಯಲ್ಲಿ ಮುಕ್ಕಿರಲಿಲ್ಲ, ಸಮನಾಗಿ ಸವೆದು ಮೊಂಡಾಗಿತ್ತು ಅಷ್ಟೇ. 1000ರ ಕಲ್ಲಿನಲ್ಲಿ ಬದಿಗೆ 15 ಎಳೆತಕ್ಕೆ ಹರಿತ ಬಂತು. ತುದಿ ಹಾಗೇ ಇತ್ತು, ಅಡಿಕೆಯ ರಾಶಿಯ ಪಕ್ಕ ಅಡಕತ್ತರಿಯೊಂದು ಬಂದು ಕೂತಿತ್ತು. ಬುಡದಲ್ಲಿ ಹೆಗಲಿನ ಮೇಲೆ ಇನ್ನೂ ಎರಡು ಕಪ್ಪು ಕುಳಿ ಉಳಿದಿವೆ. ಮಸೆತ ಅಲ್ಲಿಗೆ ತಲುಪಿದಾಗ ಆ ಜಾಗದಲ್ಲಿ ಮತ್ತೊಮ್ಮೆ 0.1 ಮಿ.ಮೀ. ಇಳಿಸಬೇಕಾಗುತ್ತದೆ.